ದೂರಾನಾ? ಇಲ್ಲೇ

ನಮ್ಮ ಮನೆಯಲ್ಲಿ ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುವುದು ಅಮ್ಮನ ನಂಬಿಕೆ. ಹಾಗೆಂದು ಸುಮ್ಮನೆ ಬಿಡುವವಳೂ ಅಲ್ಲ. ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ‘ದೂರಾನಾ?’ ಎನ್ನುತ್ತಾಳೆ. ಅದಕ್ಕೆ ‘ಇಲ್ಲೇ’ ಎನ್ನಬೇಕು. ಕೊತ್ತಂಬರಿ ಸೊಪ್ಪು ತರಲು ಕೆಂಪಾಪುರದ ಮುಖ್ಯರಸ್ತೆಗೆ ಹೋದರೂ ಇಲ್ಲೇ, ಯಶವಂತಪುರದಲ್ಲಿ ರೈಲು ಹತ್ತಿ ದೆಹಲಿಗೆ ಹೋದರೂ ಇಲ್ಲೇ. ಮೊದಲ ಸಲ ಯುದ್ಧ ನಡೆಯುತ್ತಿದ್ದ ದೇಶಕ್ಕೆ ಹೊರಟಾಗಲೂ ನಾನು ಟ್ಯಾಕ್ಸಿಯ ಡಿಕ್ಕಿಗೆ ಸೂಟ್‌ಕೇಸು ತುರುಕಿ, ‘ಇಲ್ಲೇ ಅಮ್ಮ, ಹೋಗ್ಬರ್ತೀನಿ’ ಅಂದೇ ಹತ್ತಿದ್ದೆ. ಟ್ಯಾಕ್ಸಿಯವನಿಗೆ ಏರ್‌ಪೋರ್ಟಿನ ಬದಲು ಎಲ್ಲಿಗೋ ಕರೆದುಕೊಂಡು ಹೋಗಬೇಕೇನೋ ಎಂದು ಗಲಿಬಿಲಿಯಾಯಿತು.

ನನ್ನ ಹೊಟ್ಟೆಪಾಡಿನ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಎಲ್ಲಿಗೆ, ಯಾವ ದಾರಿಯಲ್ಲಿ, ಯಾರ ಜೊತೆ, ಯಾವಾಗ ವಾಪಸ್ಸು ಎಂದು ದಿನವಿಡೀ ಜನರನ್ನು ಕೇಳುತ್ತಲೇ ಇರಬೇಕು. ಕಾದಾಟದ ಊರುಗಳಲ್ಲಿ ಚಿಕಿತ್ಸೆ ಕೊಡುವ ಸಂಸ್ಥೆಯೊಂದರಲ್ಲಿ ಸಿಬ್ಬಂದಿಯ ಸುರಕ್ಷತೆ ನೋಡಿಕೊಳ್ಳುವವಳು ನಾನು. ಹಾಗೆಂದ ಕೂಡಲೇ ಜನ ಬೂಟು, ಬಂದೂಕು ಎಂದುಕೊಳ್ಳುತ್ತಾರೆ. ನಮ್ಮ ಹತ್ತಿರ ಒಂದು ಲಾಠಿಯೂ ಇರುವುದಿಲ್ಲ. ಗಾಡಿ ನಮ್ಮ ಗೇಟು ದಾಟುವ ಮೊದಲು ಎರಡೂ ಕಡೆಯ ಪಡೆಗಳಿಗೆ ಫೋನು ಮಾಡಿ, ಇಂಥ ಗಾಡಿಯಲ್ಲಿ ಇಂಥವರು ಇಂಥ ಊರಿಗೆ ಔಷಧ ಒಯ್ಯುತ್ತಾರೆ, ದಾರಿ ಬಿಡಿ ಎಂದು ಹೇಳಬೇಕು. ಇಬ್ಬರೂ ಆಗಲಿ ಎಂದರೆ ಗಾಡಿ ಹೊರಡುತ್ತದೆ. ಒಬ್ಬರು ಗೊಣಗಿದರೂ ಇಲ್ಲ. ಹೇಳದೆ ಹೋದ ಗಾಡಿಗೆ ಗುಂಡು ಬಿದ್ದರೆ ಕೇಳುವವರಿಲ್ಲ.

ಒಂದು ಸಲ ವೀಸಾ ನವೀಕರಣಕ್ಕೆಂದು ಬಂದವಳು ಕೆಂಪಾಪುರದ ಮನೆಯಲ್ಲಿ ಸಿಕ್ಕಿಬಿದ್ದೆ. ಪಾಸ್‌ಪೋರ್ಟು ಯಾರದೋ ಮೇಜಿನ ಮೇಲೆ ಮಲಗಿತ್ತು, ಏಳುವ ಲಕ್ಷಣ ಕಾಣಲಿಲ್ಲ. ಕೆಲಸ ನಿಲ್ಲಿಸುವಂತಿರಲಿಲ್ಲವಾದ್ದರಿಂದ ನಮ್ಮ ಊಟದ ಮೇಜೇ ಕಚೇರಿಯಾಯಿತು. ಅಲ್ಲಿದ್ದಾಗ ಇಲ್ಲದ ಚಡಪಡಿಕೆ ಇಲ್ಲಿ ಶುರುವಾಯಿತು. ಅಲ್ಲಿ ಸದ್ದು ಕೇಳಿದರೆ ಅದು ಏನು, ಎಷ್ಟು ದೂರದ್ದು ಎಂದು ತಿಳಿಯುತ್ತದೆ. ಇಲ್ಲಿ ಫೋನಿನಲ್ಲಿ ಮೌನ ಕೇಳಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಯಲಹಂಕದ ಕಡೆಯಿಂದ ವಾಯುಪಡೆಯ ವಿಮಾನ ತಲೆಯ ಮೇಲೆ ಹಾದರೆ ಅರ್ಧ ಮೇಜಿನ ಕೆಳಗೆ ಹೋಗಿಬಿಟ್ಟಿರುತ್ತಿದ್ದೆ. ಅಮ್ಮ ಹುರುಳಿಕಾಯಿ ಸೋಸುತ್ತಾ ತಲೆ ಎತ್ತದೆಯೇ, ‘ಪ್ಲೇನ್ ಕಣೇ, ಎದ್ದೇಳು’ ಅನ್ನುವಳು.

ಕಾರಿನ ಮೂತಿ ಯಾವಾಗಲೂ ರಸ್ತೆಗಿರುವ ಹಾಗೆ ನಿಲ್ಲಿಸುತ್ತೇನೆ. ಮದುವೆ ಛತ್ರದಲ್ಲಿ ಬಾಗಿಲು ಕಾಣುವ ಕುರ್ಚಿಯೇ ಆಗಬೇಕು. ಹೆಬ್ಬಾಳದ ಫ್ಲೈಓವರ್ ಮೇಲೆ ಹಿಂದೆ ಮುಂದೆ ಗಾಡಿಗಳು ಒತ್ತಿಕೊಂಡು ನಿಂತರೆ ಅಂಗೈ ಬೆವರುತ್ತದೆ. ನೆಂಟರು ಇದೆಲ್ಲ ಜಂಬ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ನಮ್ಮ ತಂಡದಲ್ಲಿ ಕನ್ನಡದವಳು ಇನ್ನೊಬ್ಬಳಿದ್ದಳು, ಒಬ್ಬ ನರ್ಸು. ನನಗಿಂತ ಬಹಳ ಚಿಕ್ಕವಳು. ಊರು ಬ್ಯಾಟರಾಯನಪುರ. ಲೇಔಟುಗಳು ಬರುವುದಕ್ಕೆ ಮುಂಚೆ ಅಲ್ಲಿ ಹೊಲ ಮಾಡಿಕೊಂಡಿದ್ದ ಹಳೆಯ ಮನೆತನದವಳು. ಪರದೇಶದಲ್ಲಿ ಇಷ್ಟು ಹತ್ತಿರದ ಊರಿನವಳು ಸಿಕ್ಕರೆ ಬಿಡುವುದುಂಟೇ. ನಾವಿಬ್ಬರೂ ಅಲ್ಲಿ ಕನ್ನಡದಲ್ಲಿ ಹರಟೆ ಹೊಡೆದರೆ ಉಳಿದವರು ಜಗಳ ಎಂದುಕೊಂಡು ದೂರ ಸರಿಯುತ್ತಿದ್ದರು. ನಾನು ಬೆಂಗಳೂರಿಗೆ ಬಂದ ಮೇಲೆ ಅವಳು ಹೊರಡುವ ಮುಂಚೆ ಗಾಡಿಗಳ ಜಾಡು ನೋಡುವ ಅಲ್ಲಿನ ರೇಡಿಯೋ ರೂಮಿಗೆ ಹೇಳುವ ಬದಲು ನೇರ ನನಗೇ ಫೋನು ಮಾಡುತ್ತಿದ್ದಳು. ನಾನು ರೇಡಿಯೋ ರೂಮಿಗೂ ಪಡೆಗಳಿಗೂ ತಿಳಿಸುತ್ತಿದ್ದೆ. ಕ್ರಮ ಅದಲ್ಲ. ಆದರೂ ಬೆಳಗಿನ ಆ ಫೋನು ನನಗೆ ಕಾಫಿಯಷ್ಟೇ ಬೇಕಾಗಿತ್ತು.

ಅವಳ ಅಪ್ಪ ಆಗಾಗ ಮೊಪೆಡ್ಡಿನಲ್ಲಿ ನಮ್ಮ ಮನೆಗೆ ಬರುತ್ತಿದ್ದರು. ಹಿತ್ತಲಿನ ನುಗ್ಗೆಕಾಯಿಯನ್ನು ಪೇಪರಿನಲ್ಲಿ ಸುತ್ತಿ ತಂದು ಅಮ್ಮನ ಕೈಗೆ ಕೊಟ್ಟು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಅದು ನಾನು ಕೂರುವ ಕುರ್ಚಿ, ಅದನ್ನು ಹೇಳುವುದು ಹೇಗೆ. ಹೆಬ್ಬಾಳದ ಟ್ರಾಫಿಕ್ಕು, ಟ್ಯಾಂಕರ್ ನೀರು, ತಾವು ಬಾಡಿಗೆಗೆ ಕೊಟ್ಟ ಮನೆಯವರು ಸಾಕಿದ ನಾಯಿ, ಎಲ್ಲ ಮಾತಾಡುತ್ತಿದ್ದರು. ಮಗಳ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಹೊರಟ ಮಗಳನ್ನೇ ಎಲ್ಲಿಗೆ ಎಂದು ಕೇಳದ ಮನುಷ್ಯ, ನನ್ನನ್ನು ಕೇಳುತ್ತಾರೆಯೇ. ನಾನೇ ತಡೆಯಲಾರದೆ ‘ಚೆನ್ನಾಗಿದ್ದಾಳೆ ಯಜಮಾನ್ರೇ’ ಅನ್ನುತ್ತಿದ್ದೆ.

‘ನಾನೇನ್ ಕೇಳ್ನಿಲ್ವಲ್ಲಮ್ಮ’ ಎನ್ನುವರು. ಹಾಗೆಂದು ಎದ್ದು ಹೊರಡುವರು.

ಒಮ್ಮೆ ಅವರು ಕೂತಿದ್ದಾಗಲೇ ನಾನು ಫೋನಿನಲ್ಲಿ ಅಲ್ಲಿಯ ಡ್ರೈವರ್ ಒಬ್ಬರಿಗೆ ನನ್ನ ಮಾಮೂಲಿ ಪ್ರಶ್ನೆಗಳನ್ನು ಹಾಕಿದೆ. ಇಂಗ್ಲಿಷಿನಲ್ಲಿ ಮಾತಾಡಿದ್ದರೂ ಅವರಿಗೆ ಅದರ ಧಾಟಿ ಅರ್ಥವಾಗಿತ್ತು. ಏನು ಕೇಳಿದ್ದು ಎಂದು ಅಮ್ಮನಿಂದ ಹೇಳಿಸಿಕೊಂಡು, ‘ಒಂಟೋರ್ನ ಇಂಗೆಲ್ಲ ಕೇಳ್ತಾರೇನಮ್ಮ? ಎಲ್ಗೆ, ಯಾವ್ ರೋಡು, ಯಾರ್ ಜೊತೆ? ಪೊಲೀಸ್ನೋರ್ ತರ’ ಎಂದು ನಕ್ಕರು. ಅಮ್ಮನೂ ಸೇರಿಕೊಂಡಳು. ‘ನೋಡಿ ಯಜಮಾನ್ರೇ, ಇವಳ ಕೆಲಸವೇ ಅಪಶಕುನ ಮಾಡೋದು.’

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಆ ನರ್ಸು ಹುಡುಗಿ ಫೋನು ಮಾಡಿದಳು. ‘ಅಕ್ಕ, ಹೊರಟೆ.’

ನಾನು ಒಗ್ಗರಣೆಯ ಮುಂದೆ ನಿಂತಿದ್ದೆ. ಬಾಯಿಗೆ ಬಂದದ್ದು ಅಮ್ಮನ ಮಾತು. ‘ದೂರಾನಾ?’

‘ಇಲ್ಲೇ ಅಕ್ಕ, ಹೋಗ್ಬರ್ತೀನಿ.’

ಇಲ್ಲೇ ಅಂದರೆ ಊರೊಳಗಿನ ಕ್ಲಿನಿಕ್ಕು ಎಂದು ನಾನು ತೆಗೆದುಕೊಂಡೆ. ಅಲ್ಲಿಗೆ ಹೋಗಲು ಯಾರ ಅಪ್ಪಣೆಯೂ ಬೇಡ. ಅವಳಾದರೋ, ಹಿಂದಿನ ದಿನ ನಾವು ಮಾತಾಡಿಕೊಂಡಿದ್ದ ಹಾಗೆ ನದಿಯಾಚೆಯ ಹಳ್ಳಿಗೆ ಮಕ್ಕಳ ಲಸಿಕೆ ತೆಗೆದುಕೊಂಡು ಹೊರಟಿದ್ದಳು. ಲಸಿಕೆಯ ತಂಪುಪೆಟ್ಟಿಗೆ ಬಂದರೆ ಹೋಗುವುದು ಎಂದಿತ್ತು. ಪೆಟ್ಟಿಗೆ ಬಂತು, ಅವಳು ಹೋದಳು. ಅಕ್ಕನಿಗೆ ಗೊತ್ತಲ್ಲ ಎಂದು ಅವಳು, ಇಲ್ಲೇ ಅಂದಳಲ್ಲ ಎಂದು ನಾನು. ಬೇರೆ ಯಾವ ಭಾಷೆಯಲ್ಲಿ ಮಾತಾಡಿದ್ದರೂ ನಾನು ಊರಿನ ಹೆಸರು ಹೇಳಿಸದೆ ಬಿಡುತ್ತಿರಲಿಲ್ಲ. ಕನ್ನಡದಲ್ಲಿ ಹೆಸರು ಕೇಳಲು ನಾಲಿಗೆ ಹೊರಳಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮುಂಚೆ ಸುದ್ದಿ ಬಂತು. ನದಿಯ ಹತ್ತಿರದ ಗುಡ್ಡಗಳಿಂದ ಗುಂಡಿನ ಸದ್ದು, ಸೇತುವೆ ಬಂದ್. ನಾನು ರೇಡಿಯೋ ರೂಮಿನ ಸಹೋದ್ಯೋಗಿಗೆ ಫೋನು ಮಾಡಿ ನಮ್ಮವರೆಲ್ಲ ಒಳಗಿದ್ದಾರೆಯೇ ಎಂದೆ. ಒಂದು ಗಾಡಿ ಬಿಟ್ಟು ಎಲ್ಲ ಬಂದಿವೆ ಎಂದರು. ಕ್ಲಿನಿಕ್ಕಿನಲ್ಲಿ ನೋಡಿ ಎಂದೆ. ನೋಡಿದ್ದೇವೆ, ನರ್ಸು ಇವತ್ತು ಅಲ್ಲಿಗೆ ಬಂದೇ ಇಲ್ಲ ಎಂದರು. ‘ಹಾಗಾದರೆ ಎಲ್ಲಿಗೆ ಹೋಗಿದ್ದಾರೆ?’ ಎಂದು ಕೇಳಿದೆ.

‘ನಿಮಗೆ ಗೊತ್ತಿರಬೇಕಲ್ಲ’ ಎಂದರು. ‘ಅವರು ಮಾತಾಡಿದ್ದು ನಿಮ್ಮ ಹತ್ತಿರ.’

ಆಗ ತಲೆಗೆ ಹೋಯಿತು. ತಂಪುಪೆಟ್ಟಿಗೆ, ನದಿಯಾಚೆ, ಇಲ್ಲೇ. ನನಗೆ ಹೆದರಿಕೆಯಾಯಿತು. ಗಾಡಿ ಯಾವ ಪಡೆಗೂ ಹೇಳದೆ ಹೋಗಿತ್ತು. ಬೆಳಿಗ್ಗೆ ಸೇತುವೆಯ ಮೇಲೆ ಯಾರೂ ತಡೆದಿರಲಿಲ್ಲ, ಕಾವಲು ಕೂತದ್ದು ಆಮೇಲೆ. ಆಚೆ ದಂಡೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಗಾಡಿಯ ರೇಡಿಯೋ ಗುಡ್ಡ ದಾಟಿ ಕೇಳಿಸುವುದಿಲ್ಲ. ಸಾಲದ್ದಕ್ಕೆ ಅದೇ ವಾರ ಯಾರೋ ನಮ್ಮದರಂಥದೇ ಒಂದು ಬಿಳಿ ಗಾಡಿಯನ್ನು ಕದ್ದು, ಸಂಸ್ಥೆಯ ಗುರುತು ಅಂಟಿಸಿ, ಅದರಲ್ಲಿ ಬಂದೂಕಿನವರನ್ನು ಸಾಗಿಸಿದ್ದರು. ಅಂದಿನಿಂದ ಹೇಳದೆ ಬರುವ ಬಿಳಿ ಗಾಡಿ ಎಂದರೆ ಎರಡೂ ಪಡೆಗಳಿಗೆ ಕಣ್ಣು ಕೆಂಪು.

ಗುಡ್ಡದ ಪಡೆಯವರಿಗೆ ಮೊದಲು ಫೋನು ಮಾಡಿದೆ. ಅವರು ಬೈದುಕೊಂಡೇ ಸ್ವಲ್ಪ ಹೊತ್ತು ಗುಂಡು ನಿಲ್ಲಿಸಲು ಒಪ್ಪಿದರು. ಸೇತುವೆ ಇನ್ನೊಂದು ಪಡೆಯ ಕೈಯಲ್ಲಿತ್ತು. ಅದರ ಕಮಾಂಡರನ ನಂಬರು ಒತ್ತಿ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದೆ. ಆಗಲೇ ಹೊರಗೆ ಮೊಪೆಡ್ಡು ನಿಂತ ಸದ್ದು. ಹುಡುಗಿಯ ಅಪ್ಪ ನುಗ್ಗೆಕಾಯಿ ಹಿಡಿದು ಒಳಗೆ ಬಂದರು.

ಸುದ್ದಿ ಖಚಿತವಾಗುವವರೆಗೆ ಮನೆಯವರಿಗೆ ಏನೂ ಹೇಳಬಾರದು ಎನ್ನುವುದು ನಮ್ಮ ನಿಯಮ. ನಾನೇ ಹೊಸಬರಿಗೆ ಕಲಿಸುವ ನಿಯಮ. ಅವರ ಮುಖ ನೋಡದೆ ತಲೆಯಾಡಿಸಿ ಕೂರಲು ಹೇಳಿದೆ. ಅವರು ನನ್ನ ಕುರ್ಚಿಯಲ್ಲಿ ಕೂತು, ‘ಎಬ್ಬಾಳದ ತಾವ ಇವತ್ತೂ ಅಂಗೇ ನಿಂತವ್ರೆ’ ಎಂದು ಅಮ್ಮನಿಗೆ ಹೇಳಿದರು. ಅಷ್ಟರಲ್ಲಿ ಕಮಾಂಡರ್ ಫೋನು ಎತ್ತಿದ.

ಅವನದು ನಿಧಾನದ, ಬಿಡಿಬಿಡಿ ಇಂಗ್ಲಿಷ್. ಎಷ್ಟೇ ಅವಸರವಿದ್ದರೂ ಮೊದಲು ಆರೋಗ್ಯ, ಹವಾಮಾನ ಎಲ್ಲ ವಿಚಾರಿಸಬೇಕು. ಎಲ್ಲ ವಿಚಾರಿಸಿದೆ. ಆಮೇಲೆ ನಮ್ಮದೊಂದು ಗಾಡಿ ಆಚೆ ಉಳಿದಿದೆ ಎಂದೆ.

‘ಹೌದು, ಒಂದು ಬಿಳಿ ಗಾಡಿ ಆಚೆ ತುದಿಯಲ್ಲಿ ಮರದ ಕೆಳಗೆ ನಿಂತಿದೆ’ ಎಂದ. ‘ನನ್ನ ಹುಡುಗರು ಅದಕ್ಕೇ ಗುರಿಯಿಟ್ಟು ಕೂತಿದ್ದಾರೆ. ನೀವು ಬೆಳಿಗ್ಗೆ ಕೊಟ್ಟ ಮಾಹಿತಿಯಲ್ಲಿ ಅಂಥ ಗಾಡಿ ಇಲ್ಲ.’

‘ಅದು ನಮ್ಮದು. ನಂಬರ್ ನೋಡಿ.’

‘ನಂಬರ್ ಮೇಲೆ ಕೆಸರು. ಗುರುತು ಎಲ್ಲರೂ ಅಂಟಿಸಿಕೊಳ್ಳುತ್ತಾರೆ.’

ನಾನು ಬಾಯಿ ತೆರೆಯುವಷ್ಟರಲ್ಲಿ ಯಲಹಂಕದ ಕಡೆಯಿಂದ ಯುದ್ಧವಿಮಾನವೊಂದು ಬಂದು ಮನೆಯ ಮೇಲೆಯೇ ಹಾದುಹೋಯಿತು. ಕಿಟಕಿಯ ಗಾಜು ನಡುಗಿತು. ಅವತ್ತೇ ಅಭ್ಯಾಸ ಮಾಡಬೇಕಿತ್ತು ಈ ವಾಯುಪಡೆಯವರು.

‘ಅದು ಫೈಟರ್’ ಎಂದ ಕಮಾಂಡರ್. ದನಿ ಬದಲಾಗಿತ್ತು. ‘ನೀವು ಎಲ್ಲಿದ್ದೀರಿ? ಯಾರ ಜೊತೆ ಕೂತು ಮಾತಾಡುತ್ತಿದ್ದೀರಿ?’

ಗಾಬರಿಯಲ್ಲಿ ನನ್ನ ಬಾಯಿಂದ ಬಿದ್ದದ್ದು ಅಚ್ಚ ಕನ್ನಡ. ‘ಇಲ್ಲೇ.’

‘ಏನು? ಇಲ್ಲೇ ಎಂದರೆ ಯಾವ ಊರು?’

ಅಯ್ಯೋ ಶಿವನೇ ಎನಿಸಿತು. ಊರಲ್ಲ ಸ್ವಾಮಿ, ನಾನು ಬೆಂಗಳೂರಿನಲ್ಲಿ ನಮ್ಮ ತಾಯಿಯ ಮನೆಯಲ್ಲಿದ್ದೇನೆ, ಪಕ್ಕದಲ್ಲಿ ನಮ್ಮ ದೇಶದ ವಾಯುನೆಲೆಯಿದೆ, ಹುಡುಗರು ಅಭ್ಯಾಸ ಮಾಡುತ್ತಾರೆ ಎಂದು ಒಂದೇ ಉಸಿರಿಗೆ ಒದರಿದೆ. ಅವನು ನಂಬಲಿಲ್ಲ. ಇಲ್ಲೇ ಎಂಬ ಪದವನ್ನೇ ಹಿಡಿದುಕೊಂಡ. ಕೊನೆಗೆ ರೇಗಿಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ, ದೂರವೇ ಎನ್ನುತ್ತೇವೆ. ಹೊರಟವರು ಎಲ್ಲಿಗೇ ಹೋಗಲಿ, ಇಲ್ಲೇ ಎನ್ನುತ್ತಾರೆ. ಬೆಳಿಗ್ಗೆ ನಾನು ಹಾಗೆ ಕೇಳಿದೆ, ನಮ್ಮ ನರ್ಸು ಹಾಗೆ ಹೇಳಿದಳು, ಅದಕ್ಕೇ ನಿಮಗೆ ಮಾಹಿತಿ ಬರಲಿಲ್ಲ.

ಅವನು ನಗತೊಡಗಿದ. ಪಕ್ಕದಲ್ಲಿದ್ದವರಿಗೂ ಅವರ ಭಾಷೆಯಲ್ಲಿ ಹೇಳಿರಬೇಕು, ಇನ್ನೂ ಎರಡು ಮೂರು ದನಿ ನಕ್ಕವು. ‘ನಿಮ್ಮ ಕೆಲಸ ಏನು ಎಂದಿರಿ? ಸುರಕ್ಷತೆ ಅಲ್ಲವೇ? ಎಲ್ಲಿಗೆ ಎಂದು ಕೇಳದ ಸುರಕ್ಷತಾ ಅಧಿಕಾರಿ!’

ಅವಮಾನದಿಂದ ಕಿವಿ ಬಿಸಿಯಾಯಿತು. ನಗುವುದಾದರೆ ನಗಲಿ, ನಗುವಾಗ ಯಾರೂ ಗುಂಡು ಹೊಡೆಯುವುದಿಲ್ಲ ಎಂದುಕೊಂಡೆ. ಆ ಸಿಟ್ಟಿನಲ್ಲೇ ಒಂದು ಉಪಾಯ ಹೊಳೆಯಿತು. ‘ನಂಬಿಕೆ ಇಲ್ಲದಿದ್ದರೆ ಪರೀಕ್ಷೆ ಮಾಡಿ’ ಎಂದೆ. ‘ನಿಮ್ಮ ಹತ್ತಿರ ಮೈಕು ಇದೆಯಲ್ಲ, ಅದರಲ್ಲಿ ದೂರಾನಾ ಎಂದು ಕೂಗಿಸಿ. ಕಳ್ಳರಾದರೆ ಅವರಿಗೆ ಏನೆಂದೂ ತಿಳಿಯುವುದಿಲ್ಲ. ನಮ್ಮವಳಾದರೆ ಏನು ಉತ್ತರ ಬರುತ್ತದೆ ಎಂದು ನಿಮಗೇ ಗೊತ್ತು.’

‘ದುರನ’ ಎಂದ.

‘ಅಲ್ಲ. ದೂ. ರಾ. ನಾ.’

‘ದೂರನ.’

‘ನಾ. ಎಳೆಯಿರಿ. ಪ್ರಶ್ನೆಯ ಹಾಗೆ. ದೂರಾನಾ?’

ಹೀಗೆ ನಾನು ಆ ಕಮಾಂಡರನಿಗೆ ಬಾಯಿಪಾಠ ಮಾಡಿಸುತ್ತಿರುವಾಗ ಹಾಲಿನಲ್ಲಿ ಬೇರೆ ಸದ್ದೇ ಇರಲಿಲ್ಲ. ಕಮಾಂಡರ್ ಕಾಯಿರಿ ಎಂದ. ಫೋನನ್ನು ಎಲ್ಲೋ ಕೆಳಗಿಟ್ಟ ಸದ್ದು. ದೂರದಲ್ಲಿ, ಗಾಳಿಯ ನಡುವೆ, ಮೈಕಿನ ಕರಕರ. ಯಾರೋ ಒಬ್ಬ ನಮ್ಮಮ್ಮನ ಮಾತನ್ನು ಯುದ್ಧದ ನಡುವೆ ಕೂಗಿದ. ‘ದೂರಾನಾ?’ ಇನ್ನೊಮ್ಮೆ ಕೂಗಿದ. ಅಷ್ಟರಲ್ಲಿ ಲೈನು ಹೋಯಿತು.

ಮತ್ತೆ ಒತ್ತಿದೆ. ಸಿಗಲಿಲ್ಲ. ರೇಡಿಯೋ ರೂಮು ಕೂಡ ಸಿಗಲಿಲ್ಲ. ತಿರುಗಿದರೆ ಹುಡುಗಿಯ ಅಪ್ಪ ಎದ್ದು ನಿಂತಿದ್ದರು. ಇಂಗ್ಲಿಷು ಬರದಿದ್ದರೂ ದೂರಾನಾ, ಇಲ್ಲೇ ಎರಡೂ ಅವರ ಮನೆಯ ಮಾತೇ. ಆ ಮಾತನ್ನು ಪರದೇಶದವನಿಗೆ ಕಲಿಸಬೇಕಾಗಿ ಬಂದಿದ್ದರೆ ಅದು ಯಾರಿಗಾಗಿ ಎಂದು ಅವರಿಗೆ ಹೇಳಬೇಕಾಗಿರಲಿಲ್ಲ.

‘ಎಲ್ಲವ್ಳೆ?’ ಎಂದರು. ನಾನು ಮತ್ತೆ ನಂಬರು ಒತ್ತಿದೆ. ‘ಕೇಳ್ಬಾರ್ದು ನಂಗೂ ಗೊತ್ತು. ಏಳ್ಬುಡಿ ಕಣಮ್ಮ. ಎಲ್ಲವ್ಳೆ ನನ್ ಮಗ್ಳು?’

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಿಯಮ ಒಲೆಗೆ ಬೀಳಲಿ ಎನಿಸಿತು. ಸೇತುವೆ, ಮರ, ಗುರಿಯಿಟ್ಟವರು, ಎಲ್ಲ ಹೇಳಿದೆ. ಬೆಳಿಗ್ಗೆ ಆಡಿದ ಮಾತನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ‘ಇಲ್ಲೇ ಅಂದ್ಲಾ’ ಎಂದಷ್ಟೇ ಹೇಳಿ, ಕೂತರು. ‘ನಾವ್ ಕಲ್ಸಿದ್ದೇ ಅಲ್ವಾ’ ಎಂದರು.

ಆಮೇಲಿನ ಹೊತ್ತು ಹೇಗೆ ಕಳೆಯಿತೋ. ನಾನು ಮಹಡಿಗೆ ಹೋಗಿ ಇಳಿದೆ, ಮತ್ತೆ ಹೋದೆ. ಟ್ಯಾಂಕರ್ ಬಂದು ಪಕ್ಕದ ಮನೆಯ ಸಂಪ್‌ಗೆ ನೀರು ಬಿಟ್ಟಿತು, ಆ ಮೋಟರಿನ ಸದ್ದಿಗೆ ಫೋನು ಕೇಳಿಸುವುದಿಲ್ಲವೇನೋ ಎಂದು ಅವರಿಗೆ ಹೋಗಿ ಕೂಗಾಡಿ ಬಂದೆ. ಅಮ್ಮ ಕಾಫಿ ಮಾಡಿಟ್ಟಳು, ಯಾರೂ ಮುಟ್ಟಲಿಲ್ಲ. ಹುಡುಗಿಯ ಅಪ್ಪ ಮಾತ್ರ ಅಲ್ಲಾಡದೆ ಕೂತಿದ್ದರು. ಅವರು ಹಾಗೆ ಕೂತಿರುವುದನ್ನು ನೋಡಿ ನನಗೆ ಅವರ ಮೇಲೂ ಸಿಟ್ಟು ಬಂತು.

ಫೋನು ಬಂದಾಗ ಅದು ನನ್ನ ಕೈಯಲ್ಲೇ ಇತ್ತು, ಆದರೂ ಎಲ್ಲಿದೆ ಎಂದು ಹುಡುಕಿದೆ. ರೇಡಿಯೋ ರೂಮಿನಿಂದ. ಗಾಡಿ ಈಚೆ ಬಂದಿದೆ, ಡ್ರೈವರೂ ನರ್ಸೂ ಕ್ಷೇಮ, ನರ್ಸು ಪಕ್ಕದಲ್ಲೇ ಇದ್ದಾರೆ ಎಂದರು. ಸ್ಪೀಕರ್ ಹಾಕಿ ಫೋನನ್ನು ಹುಡುಗಿಯ ಅಪ್ಪನ ಮುಂದೆ ಹಿಡಿದೆ.

ಅವರು ಜೀವನದಲ್ಲಿ ಮೊದಲ ಸಲ ಮಗಳನ್ನು ಕೇಳಿದರು. ‘ಎಲ್ಲಿದೀಯವ್ವಾ?’

ಆ ಕಡೆಯಿಂದ ಆರಾಮಾಗಿ ಉತ್ತರ ಬಂತು. ‘ಇಲ್ಲೇ ಕಣಪ್ಪ.’

ನಾನು ಫೋನು ಕಿತ್ತುಕೊಂಡೆ. ‘ಇಲ್ಲೇ ಅಂದ್ರೆ ಎಲ್ಲೇ? ಊರಿನ ಹೆಸರು ಹೇಳು. ಬಿಲ್ಡಿಂಗ್ ಹೇಳು. ಯಾವ ರೂಮು ಹೇಳು.’ ಅಳು ಬಂದುಬಿಟ್ಟಿತ್ತು, ಬೈಯುತ್ತಲೇ ಅತ್ತೆ.

ಅವಳು ಎಲ್ಲ ಹೇಳಿದಳು. ಹೇಳಿ, ‘ಅಕ್ಕ, ಅವ್ರಿಗೆ ಕನ್ನಡ ಹೇಳ್ಕೊಟ್ಟಿದ್ದು ನೀವಾ?’ ಎಂದಳು. ‘ಮೈಕಲ್ಲಿ ಕೂಗಿದಾಗ ಮೊದಲು ಏನೋ ಬೈತಿದಾರೆ ಅಂದ್ಕೊಂಡ್ವಿ. ಎರಡನೇ ಸಲ ಕೂಗಿದಾಗ, ಅಪ್ಪ ಗೇಟಲ್ಲಿ ನಿಂತು ಕೇಳ್ದಂಗಾಯ್ತು. ನಾನು ಬಾಗಿಲು ತೆಗೆದು ಇಳಿದು ಇಲ್ಲೇ ಅಂತ ಕಿರುಚಿಬಿಟ್ಟೆ. ಆಮೇಲೆ ಅವ್ರೇ ಕೈ ಬೀಸಿ ಕರೆದ್ರು, ನಗ್ತಾ ಇದ್ರು.’

ಅಪ್ಪನ ಹತ್ತಿರ ಅವಳು ಇನ್ನೂ ಸ್ವಲ್ಪ ಮಾತಾಡಿದಳು. ಮನೆಯ ಬಾಡಿಗೆಯವರ ನಾಯಿಯ ವಿಷಯವೇ ಹೆಚ್ಚು. ಆರಿದ ಕಾಫಿಯನ್ನು ಅವರು ಬಿಸಿ ಮಾಡಿಸದೆ ಹಾಗೇ ಕುಡಿದರು. ಹೊರಡಲು ಎದ್ದಾಗ ಅಮ್ಮ ವಾಡಿಕೆಯಂತೆ ಬಾಗಿಲಿಗೆ ಬಂದಳು. ದೂರಾನಾ ಎನ್ನಲು ಬಾಯಿ ತೆರೆದವಳು, ಯಾಕೋ ಹೇಳದೆ ನಿಂತಳು.

ಅವರು ಮೊಪೆಡ್ಡಿನ ಸ್ಟ್ಯಾಂಡು ತೆಗೆದು ಹಾಗೇ ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಪಾಠ ಒಪ್ಪಿಸುವವರ ಹಾಗೆ ಹೇಳಿದರು. ‘ಬ್ಯಾಟರಾಯನಪುರಕ್ ಓಗ್ತಾ ಇವ್ನಿ ಕಣಮ್ಮ. ಮನೇಗೆ. ಸರ್ವಿಸ್ ರೋಡಲ್ಲೇ ಓಯ್ತೀನಿ. ಒಬ್ನೇ ಇವ್ನಿ. ಸೇರ್ಕಂಡ್ಮೇಲೆ ಫೋನ್ ಮಾಡ್ತೀನಿ.’

ಆಗಲಿ ಯಜಮಾನ್ರೇ ಎಂದೆ. ಫೋನು ಬರುವವರೆಗೂ ಒಳಗೆ ಹೋಗದೆ ಗೇಟಿನಲ್ಲೇ ನಿಂತಿದ್ದೆ.